ಒಂದು ಇಂಜಿನ್ನಿಗೆ ಇಬ್ಬರ ಬುದ್ಧಿ

ಜೀಪು ಕೆಟ್ಟದ್ದು ರಿಮ್ಯಾಪಿನಿಂದಲ್ಲ, ಚಿಪ್ಪಿನ ಡಬ್ಬಿಯಿಂದಲೂ ಅಲ್ಲ. ನನ್ನ ಇಬ್ಬರು ಗಂಡುಮಕ್ಕಳು ಮಾತು ಬಿಟ್ಟಿದ್ದರು, ಅದರಿಂದ ಕೆಟ್ಟಿತು. ಸಣ್ಣ ಸೊಸೆಯ ಜೀವ ಗಂಟಲಿಗೆ ಬಂದದ್ದೂ ಅದರಿಂದಲೇ. ಆಮೇಲೆ ಮಂದಿ ಮಳೆ ಅಂದರು, ಡೀಸೆಲ್ ಅಂದರು, ಹಣೆಬರಹ ಅಂದರು. ನಾನು ಅದನ್ನೆಲ್ಲ ಒಪ್ಪುವುದಿಲ್ಲ.

ನಮ್ಮವರು ತೀರಿಕೊಂಡ ಮೇಲೆ ಮಕ್ಕಳು ಬೇರೆಯಾದರು. ಬೆಳಗಾವಿಯ ಮನೆ ಹಿರಿಯವನಿಗೆ ಬಂತು, ನಾನೂ ಅವನ ಪಾಲಿಗೆ ಬಂದೆ. ಖಾನಾಪುರದಾಚೆ ಕಾಡಂಚಿನ ಹಳ್ಳಿಯ ಹೊಲ, ಮನೆ ಸಣ್ಣವನಿಗೆ. ತಾಟು ಬಟ್ಟಲು ಸುದ್ದಾ ಹಂಚಿಕೊಂಡರು. ಅಪ್ಪನ ಡೀಸೆಲ್ ಜೀಪನ್ನು ಮಾತ್ರ ಇಬ್ಬರೂ ಬಿಟ್ಟುಕೊಡಲಿಲ್ಲ. ನಡುವೆ ಕೂತ ಹಿರಿಯರು ಕಡೆಗೆ ವಾರವನ್ನೇ ಹಂಚಿದರು. ರವಿವಾರ ಹಿರಿಯವನಿಗೆ, ಉಳಿದ ದಿನ ಸಣ್ಣವನಿಗೆ. ಒಬ್ಬರ ಮುಖ ಒಬ್ಬರು ನೋಡಬಾರದೆಂದು ಗಾಡಿಯನ್ನು ಖಾನಾಪುರ ಸ್ಟ್ಯಾಂಡಿನ ಬಾಜೂ ನಿಲ್ಲಿಸಿ, ಕೀಲಿಯನ್ನು ಅಲ್ಲಿಯ ಚಹಾದಂಗಡಿಯಲ್ಲಿ ಇಟ್ಟು ಹೋಗುತ್ತಿದ್ದರು. ಹೇಳುವುದು ಏನಾದರೂ ಇದ್ದರೆ ನನಗೆ ಫೋನು. "ಅವಗ ಹೇಳಬೇ, ಹಿಂದಿನ ಟಾಯರ್ ಸವದೈತಿ." ಅಣ್ಣ ಅನ್ನಲಿಕ್ಕೆ ಇವನ ನಾಲಿಗೆ ಹೊರಳುತ್ತಿರಲಿಲ್ಲ, ತಮ್ಮ ಅನ್ನಲಿಕ್ಕೆ ಅವನದು. ಕೆಲವು ವರ್ಷ ಹೊತ್ತೆ. ಆಮೇಲೆ ಇಬ್ಬರಿಗೂ ಹೇಳಿಬಿಟ್ಟೆ, ನಿಮ್ಮ ಸುದ್ದಿ ಹೊರುವ ಕತ್ತೆ ನಾನಲ್ಲ, ದೇವರು ಬಾಯಿ ಕೊಟ್ಟಿದ್ದಾನೆ, ಆಡಿಕೊಳ್ಳಿ ಎಂದು. ಅವರು ಆಡಲಿಲ್ಲ. ಸುದ್ದಿಯೇ ನಿಂತುಹೋಯಿತು.

ಅಷ್ಟರಲ್ಲಿ ಸಣ್ಣ ಸೊಸೆಯ ಕಿಡ್ನಿ ಹೋದವು. ವಾರಕ್ಕೆ ಎರಡು ಸಲ ಬೆಳಗಾವಿಯ ದವಾಖಾನೆಗೆ ಬಂದು ಮಷೀನಿನಲ್ಲಿ ರಕ್ತ ತೊಳೆಸಿಕೊಳ್ಳಬೇಕು. ತಪ್ಪಿದರೆ ಮೈಯೊಳಗೆ ನೀರು ನಿಂತು ಉಸಿರು ಕಟ್ಟುತ್ತದೆ. ಆ ಹಳ್ಳಿ ಇರುವುದು ತಗ್ಗಿನಲ್ಲಿ. ಡಾಂಬರು ರಸ್ತೆ ಮುಟ್ಟಬೇಕಾದರೆ ಕೆಮ್ಮಣ್ಣಿನ ಉದ್ದನೆಯ ಏರು ಹತ್ತಬೇಕು. ಮಳೆಗಾಲದಲ್ಲಿ ಬಸ್ಸು ಅಲ್ಲಿಗೆ ಇಳಿಯುವುದಿಲ್ಲ. ಅವಳಿಗೆ ಆ ಜೀಪೇ ಗತಿ. ಬೆಳಗಾವಿಯಲ್ಲಿ ನನ್ನ ಹತ್ತಿರ ಇರಲಿ ಅಂದರೆ ಸಣ್ಣವನು, ನನ್ನ ಹೆಂಡತಿ ಆ ಹೊಸ್ತಿಲು ತುಳಿಯುವುದಿಲ್ಲ ಎಂದ. ಹಿರಿಯವನು, ಅವನೇ ಬಂದು ಕೇಳಲಿ ಎಂದ. ಅವಳನ್ನು ಯಾರೂ ಕೇಳಲಿಲ್ಲ.

ಆ ಏರಿನಲ್ಲಿ ಜೀಪಿಗೆ ದಮ್ಮು ಸಾಲುತ್ತಿರಲಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಹಿರಿಯವನಿಗೆ ಇನ್ನೊಂದು ಚಟವೂ ಇತ್ತು. ರವಿವಾರ ಗೆಳೆಯರನ್ನು ಕಟ್ಟಿಕೊಂಡು ಕಾಡಿನ ಕೆಸರಿಗೆ ಜೀಪು ಇಳಿಸುವುದು, ಮತ್ತೆ ಎಬ್ಬಿಸುವುದು. ಎಮ್ಮೆಗಾದರೆ ಮೈ ತಂಪಾಗುತ್ತದೆ, ಇವರಿಗೆ ಏನು ಆಗುತ್ತಿತ್ತೋ. ಒಂದು ರವಿವಾರ ನನ್ನನ್ನು ಬೀಗರ ಮನೆಯಿಂದ ಕರೆತರುವಾಗ ಗಾಡಿಯನ್ನು ಉದ್ಯಮಬಾಗದ ಗ್ಯಾರೇಜುಗಳ ಕಡೆ ತಿರುಗಿಸಿದ. ಒಂದು ಶೆಡ್ಡಿನಲ್ಲಿ ಮುಸಲ್ಮಾನ ಮಿಸ್ತ್ರಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ನನಗೆ ಹಳೆಯ ಟಾಯರಿನ ಮೇಲೆ ಗೋಣಿ ಹಾಸಿ ಕೊಟ್ಟ. ಜೀಪಿಗೆ ಶಕ್ತಿ ಹೆಚ್ಚಿಸಬೇಕು, ಸಣ್ಣಾಕಿನ್ನ ಏರು ಹತ್ತಿಸೂದು ತ್ರಾಸ ಆಗಾಕತ್ತೇತಿ ಎಂದ ಹಿರಿಯವನು. ಅದು ನಿಜವೇ. ಕೆಸರಿನ ಆಟಕ್ಕೆ ಅಂತಲೂ ನಿಜವೇ. ಯಾವುದು ಎಷ್ಟು ಪಾಲು ಅಂತ ನಾನು ಹೇಳಲಾರೆ.

ಎರಡು ದಾರಿ ಇವೆ ಎಂದ ಮಿಸ್ತ್ರಿ. ಚಿಪ್ಪಿನ ಡಬ್ಬಿಯನ್ನು ವಾಯರಿನ ನಡುವೆ ಸಿಕ್ಕಿಸುವುದು ಒಂದು, ರಿಮ್ಯಾಪ್ ಮಾಡುವುದು ಇನ್ನೊಂದು. ನನಗೆ ತಿಳಿಯಲಿಲ್ಲ, ಬಿಡಿಸಿ ಹೇಳಪ್ಪ ಎಂದೆ.

"ಡಬ್ಬಿ ಇಂಜಿನ್ನಿಗಿ ಸುಳ್ಳು ಹೇಳತೈತ್ರಿ ಅಮ್ಮಾ, ಡೀಸೆಲ್ ಕಡಿಮಿ ಬರಾಕತ್ತೇತಿ ಅಂತ. ಅದು ಖರೇ ಅಂತ ನಂಬಿ ಜಾಸ್ತಿ ಬಿಡತೈತಿ. ರಿಮ್ಯಾಪ್ ಅಂದ್ರ ಅದರ ಕಂಪ್ಯೂಟರ್ ತಲೀನ ತಿದ್ದೂದು."

ಡಬ್ಬಿಯನ್ನು ಬೇಕಾದಾಗ ಕಿತ್ತಿಡಬಹುದು, ಆದರೆ ಅದು ಎಲ್ಲ ಗಾಡಿಗೂ ಒಂದೇ ಅಳತೆಯ ಅಂಗಿ. ರಿಮ್ಯಾಪನ್ನು ಈ ಗಾಡಿಯ ವಯಸ್ಸು, ಕ್ಲಚ್ಚು, ಏರು ನೋಡಿ ಹೊಂದಿಸಬಹುದು ಎಂದ. ತಿರುಗಿ ಮೊದಲಿನಂತೆ ಮಾಡಲಿಕ್ಕೆ ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಎಂದ. ಹಿರಿಯವನು, ಸುಳ್ಳು ಹೇಳೂದು ಬ್ಯಾಡ, ತಲೀನ ತಿದ್ದೂಣು ಎಂದ.

"ಹಂಗಾರ ಮೊದಲ ನಿಂದು ತಿದ್ದಿಸ್ಕೋ," ಎಂದೆ. ಮಿಸ್ತ್ರಿ ನಕ್ಕ. ಮಗ ನಗಲಿಲ್ಲ.

ಕೆಲಸ ಶುರು ಮಾಡುವ ಮುಂಚೆ ಮಿಸ್ತ್ರಿ, ಇದಕ್ಕೆ ಮೊದಲೇ ಏನಾದರೂ ಹಚ್ಚಿಸಿದ್ದೀರಾ ಎಂದು ಕೇಳಿದ. ನಾನು ಅಲ್ಲೇ ಕೂತಿದ್ದೆ, ಕೇಳಿಸಿಕೊಂಡೆ.

"ಏನೂ ಇಲ್ರಿ. ನಮ್ಮ ಗಾಡಿ ನಮಗ ಗೊತ್ತಿಲ್ಲೇನು?" ಎಂದ ನನ್ನ ಮಗ.

ಮಿಸ್ತ್ರಿ ಬಾನೆಟ್ ಎತ್ತಿ ನೋಡಿದ. ಒಳಗೆಲ್ಲ ಕೆಸರು ಮೆತ್ತಿ ಒಣಗಿತ್ತು. ಮುಚ್ಚಿದ.

ಆ ಕೆಸರಿನ ಅಡಿಯಲ್ಲಿ ಡಬ್ಬಿ ಆಗಲೇ ಇತ್ತು. ಉಗಾದಿ ಮುಗಿದ ಮೇಲೆ ಸಣ್ಣವನು ಖಾನಾಪುರದ ಗ್ಯಾರೇಜಿನಲ್ಲಿ ಅದನ್ನು ಹಚ್ಚಿಸಿ, ಮಳೆನೀರು ತಾಗಬಾರದೆಂದು ಕರಿ ಟೇಪು ಸುತ್ತಿಸಿ, ವಾಯರುಗಳ ನಡುವೆ ಕಟ್ಟಿಸಿದ್ದ. ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಒಂದೇ ಸಾರಿಗೆ ಇಬ್ಬರು ಸೊಸೆಯಂದಿರು ಒಬ್ಬರನ್ನೊಬ್ಬರು ಕೇಳದೆ ಉಪ್ಪು ಹಾಕಿದಂತೆ ಆಯಿತು. ಸಾರಾದರೆ ಚೆಲ್ಲಬಹುದು.

ಜೀಪು ಹೋರಿಯಂತೆ ಏರು ಹತ್ತತೊಡಗಿತು. ತನ್ನ ಡಬ್ಬಿಯೇ ಕಡೆಗೂ ಕೆಲಸ ಮಾಡಿತು ಎಂದು ಸಣ್ಣವನು ತಿಳಿದ, ತನ್ನ ರಿಮ್ಯಾಪು ಎಂದು ಹಿರಿಯವನು. ಹಿಂದಿನಿಂದ ಕರಿ ಹೊಗೆ ಬರುತ್ತಿತ್ತು. ಅವನು ಕೆಸರಿನಲ್ಲಿ ಆಡಿಸಿ ಇಂಜಿನ್ ಹೊಲಸು ಮಾಡಿದ ಎಂದ ಸಣ್ಣವನು. ಅವನು ಕೆಟ್ಟ ಡೀಸೆಲ್ ಹಾಕಿಸುತ್ತಾನೆ, ನೀನಾದರೂ ಹೇಳು ಎಂದ ಹಿರಿಯವನು ನನಗೆ. ನೀನೇ ಹೇಳು ಎಂದೆ. ಅವತ್ತು ನೀವು ಹೇಳಬೇಕಿತ್ತು ಎನ್ನುವವರು ಈಗಲೂ ಇದ್ದಾರೆ. ಹೇಳಿದ್ದರೆ ಡೀಸೆಲ್ ಬದಲಾಗುತ್ತಿತ್ತು, ಡಬ್ಬಿ ಅಲ್ಲೇ ಇರುತ್ತಿತ್ತು.

ಶ್ರಾವಣದ ಒಂದು ಬೆಳಿಗ್ಗೆ, ಸೊಸೆಯನ್ನು ದವಾಖಾನೆಗೆ ಕರೆತರುವಾಗ, ಏರಿನ ನಡುವೆ ಇಂಜಿನ್ ಒಳಗೆ ಕೊಡಲಿಯಿಂದ ಬಡಿದಂತೆ ಸಪ್ಪಳವಾಗಿ ಜೀಪು ನಿಂತಿತು. ಡಬ್ಬಿಯದೂ ರಿಮ್ಯಾಪಿನದೂ ಸೇರಿ ಡೀಸೆಲ್ ಅತಿಯಾಗಿ ಉರಿದು ಪಿಸ್ಟನ್ ಸುಟ್ಟು ತೂತು ಬಿದ್ದಿತ್ತು. ಮಳೆ ಹೊಡೆಯುತ್ತಿತ್ತು. ಅಲ್ಲಿ ಫೋನು ಹತ್ತುವುದಿಲ್ಲ. ಸಣ್ಣವನು ಹಳ್ಳಿಗೆ ಓಡಿಹೋಗಿ ಗಂಡಸರನ್ನು ಕರೆತಂದ. ಕುರ್ಚಿಗೆ ಬಿದಿರು ಕಟ್ಟಿ, ಅವಳನ್ನು ಕೂರಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಡಾಂಬರು ರಸ್ತೆಯವರೆಗೆ ಹೊತ್ತರು. ಅಲ್ಲಿಂದ ಹಾಲಿನ ಗಾಡಿಯಲ್ಲಿ ಖಾನಾಪುರ, ಖಾನಾಪುರದಿಂದ ಆಂಬುಲೆನ್ಸಿನಲ್ಲಿ ಬೆಳಗಾವಿ. ಬರುವಷ್ಟರಲ್ಲಿ ತುಟಿ ನೀಲಿಯಾಗಿದ್ದವು. ಬದುಕಿದಳು. ಇನ್ನೊಮ್ಮೆ ಹೀಗೆ ತಡವಾದರೆ ನಮ್ಮ ಕಡೆ ತರಬೇಡಿ ಎಂದು ಡಾಕ್ಟರು ಸಣ್ಣವನಿಗೆ ಹೇಳಿದರು.

ಎರಡು ದಿನ ಬಿಟ್ಟು, ಸಂಜೆ, ದವಾಖಾನೆಯ ಪಡಸಾಲೆಯಲ್ಲಿ ನಾವು ಮೂವರೂ ಕೂತಿದ್ದೆವು. ನಾನು ನಡುವೆ. ಜೀಪನ್ನು ಎಳೆಸಿ ಉದ್ಯಮಬಾಗಕ್ಕೆ ತಂದಿದ್ದರು. ಮಿಸ್ತ್ರಿಯ ಫೋನು ಬಂತು. ಹಿರಿಯವನು ಕೇಳುತ್ತ ಕೇಳುತ್ತ ಎದ್ದು ನಿಂತ. ಫೋನು ಇಟ್ಟು, ಮತ್ತೆ ಕೂತು ನನ್ನ ಕಡೆ ತಿರುಗಿದ.

"ಅವಗ ಕೇಳಬೇ, ಡಬ್ಬಿ ಯಾರು ಹಚ್ಚಿಸ್ಯಾರ ಅಂತ."

"ಅವಗ ಕೇಳಬೇ," ಎಂದ ಸಣ್ಣವನು, "ಅದನ್ಯಾಕ ಕೇಳಾಕತ್ತಾನ ಅಂತ."

ನಾನು ಎದ್ದು ಎದುರಿನ ಬೆಂಚಿಗೆ ಹೋಗಿ ಕೂತೆ. ಅವರ ನಡುವೆ ನನ್ನ ಜಾಗ ಖಾಲಿ ಉಳಿಯಿತು. ನರ್ಸು ಒಬ್ಬಳು ಹಾದುಹೋದಳು.

"ಯಾವಾಗ ಹಚ್ಚಿಸಿದಿ?" ಎಂದ ಹಿರಿಯವನು, ಗೋಡೆ ನೋಡುತ್ತ.

"ಉಗಾದಿ ಆದಮ್ಯಾಗ."

"ನಾ ರಿಮ್ಯಾಪ್ ಮಾಡಿಸೀನಿ. ಅದಾದಮ್ಯಾಗ."

ಅಷ್ಟೇ. ಸಣ್ಣವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹಿರಿಯವನು ಅವನನ್ನು ಮುಟ್ಟಲಿಲ್ಲ, ಎದ್ದೂ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಇಂಜಿನ್ ಕಟ್ಟಿಸುವ ಮಾತು ತೆಗೆದರು, ಡಬ್ಬಿ ಬೇಡ, ರಿಮ್ಯಾಪು ಇರಲಿ, ಕಡಿಮೆ ಮಾಡಿಸೋಣ ಎಂದು. ವರ್ಷಗಳ ಮೇಲೆ ಬಾಯಿ ಬಿಟ್ಟರೂ ಆಡಿದ್ದು ಜೀಪಿನ ಮಾತನ್ನೇ. ಒಳಗೆ ಮಲಗಿದವಳ ಮಾತು ಬರಲಿಲ್ಲ. ನಾನು ಕಾದೆ, ಬರಲೇ ಇಲ್ಲ.

ಮರುದಿನ ಬೆಳಿಗ್ಗೆ ನನ್ನ ಕೋಣೆಯ ಜೋಳದ ಡಬ್ಬ, ಹಾಸಿಗೆಯ ಗಂಟು ಎಲ್ಲ ಹೊರಗೆ ತೆಗೆದೆ. ಹಿರಿಯ ಸೊಸೆಯನ್ನು ಕರೆದು ಮಂಚದ ಇನ್ನೊಂದು ತುದಿ ಹಿಡಿ ಎಂದೆ. ಯಾರಿಗೆ ಅತ್ತಿ ಎಂದಳು. ನಿನ್ನ ನೆಗೆಣ್ಣಿಗೆ, ಸಣ್ಣವಳಿಗೆ ಎಂದೆ. ಅವಳು ನಿಂತು ನೋಡಿದಳು, ಆಮೇಲೆ ಸೆರಗು ಸಿಕ್ಕಿಸಿಕೊಂಡು ಹಿಡಿದಳು. ಮಂಚವನ್ನು ಕಿಟಕಿಯ ಹತ್ತಿರ ಹಾಕಿ, ಆಟೋ ಹಿಡಿದು ದವಾಖಾನೆಗೆ ಹೋದೆ. ಮಕ್ಕಳಿಬ್ಬರೂ ಬಾಗಿಲಲ್ಲೇ ಇದ್ದರು. ಅವರನ್ನು ದಾಟಿ ಒಳಗೆ ಹೋಗಿ, ನನ್ನ ಹತ್ತಿರ ಇರುತ್ತೀಯೇನವ್ವ ಎಂದು ಅವಳನ್ನು ಕೇಳಿದೆ.