ಮಿರಗ ನಂಬಿ ಸಮುದ್ರಕ್ಕ ಹೋದದ್ದು

ನಮ್ಮವ್ವಗ ಒಮ್ಮೆ ಸಮುದ್ರ ನೋಡೋದಿತ್ತು. ಆಕಿ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೆ ದಿನಾ ಎರಡು ಹೊತ್ತು ನಾನೇ ಔಷಧದ ಹನಿ ಹಾಕ್ತಿದ್ದೆ. ಬೀದರದಾಗ ಕಣ್ಣಿನ ಡಾಕ್ಟರು, "ಇದ್ದದ್ದು ಉಳಿಸ್ಕೊಳ್ಳೋದಷ್ಟೇ ನಮ್ಮ ಕೈಯಾಗ ಅದರಿ, ಹೋದ ನೋಟ ವಾಪಸ್ ಬರಂಗಿಲ್ಲ" ಅಂದಿದ್ರು. ಆವತ್ತು ಭಾಲ್ಕಿಗೆ ತಿರುಗಿ ಬರುವಾಗ ಬಸ್ಸಿನ್ಯಾಗ ಅವ್ವ ನನ್ನ ಕೈ ಹಿಡಕೊಂಡು, "ಕಣ್ಣಾಗ ಬೆಳಕು ಇರೋದ್ರೊಳಗ ಸಮುದ್ರ ತೋರಸು ಯವ್ವಾ. ಮತ್ತೇನೂ ಕೇಳಂಗಿಲ್ಲ" ಅಂದ್ಳು. ಮೆಹಕರದ ಹೊಲದಾಗ ಬೆಳದು, ಮಿಷನ್ ದವಾಖಾನ್ಯಾಗ ಆಯಾ ಆಗಿ ಮಂದಿ ಕೂಸು ಎತ್ತಿಕೊಂಡೇ ಮುದುಕಿ ಆದಾಕಿ. ತನಗಂತ ಒಂದ್ ಸೀರಿನೂ ಬಾಯಿಬಿಟ್ಟು ಕೇಳಿದಾಕಿ ಅಲ್ಲ. ನಾ ಆಯ್ತು ಅಂದೆ.

ಅಂದೆ ಖರೇ, ಹೋಗೋದು ಯಾವಾಗ? ನಮ್ಮ ಮನ್ಯಾಗ ಯಾವ ತಿಂಗಳೂ ಖಾಲಿ ಇರಂಗಿಲ್ಲ ನೋಡ್ರಿ. ಡಿಸೆಂಬರದಾಗ ಸಮುದ್ರ ಚಂದ ಇರ್ತದಂತ, ಆದ್ರ ಲಾಡ್ಜಿನ ಬಾಡಿಗಿ ಡಬಲ್. ಮ್ಯಾಲ ಕ್ರಿಸ್ಮಸ್ ಬಿಟ್ಟು ಅವ್ವ ಊರ ಅಗಸಿ ದಾಟಾಕಿ ಅಲ್ಲ. ಈಸ್ಟರ್ ಮೊದಲಿನ ನಲವತ್ತು ದಿನದಾಗ ಕೇಳಿದ್ರ, "ಉಪವಾಸದಾಗ ಯಾರರ ಮಜಾ ಮಾಡ್ಲಿಕ್ಕ ಹೋಗ್ತಾರೇನು?" ಅಂತ ನನಗೇ ಬೈತಿದ್ಳು. ಮೇ ತಿಂಗಳು ಪೂರಾ ಮದಿವಿ. ದಸರಾ ದೀಪಾವಳಿಗೆ ಉಳಿದ ನರ್ಸ್‌ಗಳು ರಜಾ ತಗೋತಾರ, ದವಾಖಾನಿ ನನ್ನ ತಲಿಗೆ ಬೀಳ್ತದ. ಬರೋ ಜನವರಿ ತನಕ ಕಾಯೋಣು ಅಂದ್ರ, ಕಣ್ಣು ಕಾಯ್ಬೇಕಲ್ಲ?

ಕಡೀಕ ಅವ್ವನೇ ತೀರ್ಮಾನ ಕೊಟ್ಳು. "ಮಿರಗದ ಮಳಿ ಕೂಡ್ಲಿ. ಸೆಕಿ ಇಳೀತದ, ಆವಾಗ ಹೋಗಮು." ಫೋನಿನ್ಯಾಗ ನೋಡಿದ್ರ ಜೂನ್ ತಿಂಗಳಾಗ ಮಂಗಳೂರಿನ ಲಾಡ್ಜ್ ಅರ್ಧ ರೇಟಿಗೆ ಸಿಗ್ತಿದ್ವು! ನಾ ಎಷ್ಟು ಶಾಣ್ಯಾಕಿ ಅಂತ ನನ್ನ ಬೆನ್ನು ನಾನೇ ಚಪ್ಪರಿಸ್ಕೊಂಡೆ.

ನಮ್ಮ ಕಡೆ ಮಿರಗದ ಮಳಿ ಅಂದ್ರ ಹ್ಯಾಂಗಂದ್ರ, ಹೊತ್ತು ಇಳಿಯುವಾಗ ಗುಡುಗಿ ಒಂದು ತಾಸು ಹೊಡೀತದ, ಮರುದಿನ ಬಿಸಲು. ಬೈಕಿನ ಮ್ಯಾಲ ಜನವಾಡಕ್ಕ ಹೊಂಟವರು ಬೇವಿನಗಿಡದ ಬುಡಕ ನಿಂತು, ಮಳಿ ನಿಂತಮ್ಯಾಲ ಮತ್ತ ಹೋಗ್ತಾರ. ಹೊಲದಾಗ ಹೆಸರು ಬಿತ್ತಲಿಕ್ಕ ಹದ ನೋಡ್ತಾರ. ಅದೇ ಅಂದಾಜು ನಾವು ಸಮುದ್ರದ ಊರಿಗೂ ಹಚ್ಚಿದ್ವಿ. ಔರಾದಕ್ಕ ಕೊಟ್ಟ ನನ್ನ ತಂಗಿ ಫೋನ್ ಮಾಡಿ, "ಅಕ್ಕಾ, ಅಲ್ಲಿ ಮಳಿ ಬ್ಯಾರೇನೇ ಇರ್ತದಂತ, ಜರಾ ವಿಚಾರ ಮಾಡು" ಅಂದ್ರ, "ಮಳಿ ಅಂದ್ರ ಮಳಿ. ನೀ ಸುಮ್ಮ ಕೂಡು" ಅಂತ ಆಕಿ ಬಾಯಿ ಮುಚ್ಚಿಸಿದೆ.

ಭಾಲ್ಕಿಯಿಂದ ಬೆಂಗಳೂರಿನ ತನಕ ರೈಲು, ಅಲ್ಲಿಂದ ಬಸ್ಸು. ಹೋಟೆಲ್ ಖರ್ಚು ಉಳೀಲಿ ಅಂತ ಎಂಟು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟಗೊಂಡಿದ್ದೆ. ಘಾಟ್ ಇಳಿಯುವಾಗ ಸುರು ಆದ ಮಳಿ, ಅಯ್ಯೋ ದೇವರೇ, ನಿಲ್ಲಲೇ ಇಲ್ಲ. ಹಗಲೂ ಅದೇ, ರಾತ್ರಿನೂ ಅದೇ. ಮುರಿದ್ರ ಟಪ್ ಅನ್ನೋ ರೊಟ್ಟಿ ಎರಡೇ ದಿನಕ್ಕ ತೊಯ್ದ ಅರಿವಿ ಹಂಗ ಮೆತ್ತಗಾದ್ವು. ಲಾಡ್ಜಿನ ಮಾಲಕರು ನಮ್ಮನ್ನ ನೋಡಿ, "ಈ ಮಳೆಗೆ ಯಾರಾದ್ರೂ ಸಮುದ್ರ ನೋಡ್ಲಿಕ್ಕೆ ಬರ್ತಾರಾ ಮಾರಾಯ್ರೆ!" ಅಂತ ನಕ್ಕರು. ನಂಗ ಮೈಯೆಲ್ಲಾ ಉರೀತು. ಅಗ್ಗ ಅಂತ ಮುಗ್ಗಲ ಜ್ವಾಳ ತಂದಂಗ ಆಗಿತ್ತು ನನ್ನ ಶಾಣ್ಯಾತನ.

ಮೂರು ದಿನ ಆಟೋ ಮಾಡ್ಕೊಂಡು ಸಮುದ್ರದ ದಂಡಿಗೆ ಹೋಗೋದು, ಸೀಟಿ ಊದಿ ಕಾವಲಿನವರು ಹಿಂದ ಕಳಸೋದು. ಎದುರಿಗಿ ಬರೇ ಬೆಳ್ಳನ ಮಳಿ. ಮುಗಲ್ಯಾವುದು, ನೀರ್ಯಾವುದು ನನಗೇ ತಿಳೀವಲ್ದು, ಇನ್ನ ಅವ್ವಗ ಹ್ಯಾಂಗ ತೋರಸ್ಲಿ? "ಸಪ್ಪಳ ಕೇಳ್ತದ ಬಿಡು" ಅಂತಿದ್ಳು ಆಕಿ, ನನಗ ಸಮಾಧಾನ ಮಾಡ್ಲಿಕ್ಕ. ಲಾಡ್ಜಿನ್ಯಾಗ ಆಕಿ ಗೋಡಿ ಹಿಡಕೊಂಡು ಬಚ್ಚಲ ಹುಡುಕ್ತಿದ್ರ, "ಲೈಟ್ ಹಾಕ್ಕೋಬಾರದೇನವ್ವಾ" ಅಂತ ಗದರಿದೆ. ಪರ ಊರು, ಕತ್ತಲ ಖೋಲಿ, ಅದಕ್ಕೇ ಅಂತ ತಿಳ್ಕೊಂಡೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಬಚ್ಚಲದಾಗ ನಿಂತು ಅತ್ತೆ.

ನಾಕನೇ ದಿನ ಸಂಜಿಗೆ ನಮ್ಮ ಬಸ್ಸು. ಮುಂಜಾನಿ ಕಡೀ ಸಲ ಅಂತ ಹೋದ್ವಿ. ದಂಡಿ ಹತ್ತಿರದ ಚಾದಂಗಡಿ ತಗಡಿನ ಕೆಳಗ ಒತ್ತಿ ನಿಂತಿದ್ವಿ. ಹತ್ತು ಗಂಟೆ ಸುಮಾರಿಗೆ ಮಳಿ ನಿಂತಿತು. ಮೋಡ ಹರದು ಬಿಸಲು ಬಿತ್ತು. ಹಸರು ಅನ್ನಲೋ ನೀಲಿ ಅನ್ನಲೋ, ಕಣ್ಣು ಹೋದಲ್ಲಿ ತನಕ ನೀರೇ ನೀರು! ನಮ್ಮೂರ ಹೊಲ ಎಲ್ಲಾ ಕೂಡಿಸಿದ್ರೂ ಅಷ್ಟು ಆಗ್ಲಿಕ್ಕಿಲ್ಲ. ಖುಷಿದಾಗ ಮಳಿ ನಿಂತದ್ದು ಹೇಳೋದೂ ಮರತೆ. ಅವ್ವನ ಎರಡೂ ಹೆಗಲು ಹಿಡದು ಸಮುದ್ರದ ಕಡೆ ತಿರುಗಿಸಿದೆ.

ತಗಡಿನಿಂದ ನೀರು ಇನ್ನಾ ತೊಟ್ಟಿಕ್ತಿತ್ತು, ತೆರಿ ಸಪ್ಪಳ ಕಿವಿ ತುಂಬಿತ್ತು. ಅವ್ವ ಸೀದಾ ಸಮುದ್ರಕ್ಕೇ ಮುಖ ಮಾಡಿ, "ಈ ಮಳಿ ಇವತ್ತರ ನಿಂದ್ರತದೇನು ಯವ್ವಾ?" ಅಂದ್ಳು.

ನಾ ಆಕಿ ಕಣ್ಣು ನೋಡಿದೆ. ಎದುರಿಗಿನ ನೀರಿನ ಬೆಳಕು ಮುಖಕ್ಕ ಹೊಡೀತಿತ್ತು. ನಾನೇ ಕಣ್ಣು ಕಿರಿದು ಮಾಡಿದ್ದೆ. ಆಕಿ ರೆಪ್ಪಿ ಅಲಗಲಿಲ್ಲ. ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿದ ನನಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಊರಾಗ ದಿನಾ ಆಕಿ ಕಣ್ಣಿಗೆ ಹನಿ ಹಾಕೋ ನಾನು ಎಷ್ಟು ಕಾಣ್ತದ ಅಂತ ಒಂದಿನಾನೂ ಕೇಳಿರಲಿಲ್ಲ, ಆಕಿನೂ ಹೇಳಿರಲಿಲ್ಲ.

"ಇನ್ನಾ ಹೊಡೀಲಾಕತ್ತಾದ ಅವ್ವಾ" ಅಂದೆ.

ಅವ್ವ ತಗಡಿನ ಆಚಿಗೆ ಕೈ ಚಾಚಿದ್ಳು. ಅಂಗೈ ತುಂಬ ಬಿಸಲು ಬಿತ್ತು. ಹಂಗೇ ಜರಾ ಹೊತ್ತು ಹಿಡದು ನಿಂತ್ಳು. ಆಮ್ಯಾಲ ಕೈ ಒಳಗ ತಗೊಂಡು, ಸೆರಗು ತಲಿ ಮ್ಯಾಲ ಎಳಕೊಂಡು, "ಹೌದು ಬಿಡು, ಜೋರೇ ಅದ. ನೀನೂ ತಲಿ ಮುಚ್ಚಕೋ, ನೆಗಡಿ ಆದೀತು" ಅಂದ್ಳು.