ಕಸರಾನಿಯಲ್ಲಿ ಅಜ್ಜಿಯ ‘ನಾನು’

ಹಳಿಯಾಳದಿಂದ ಹುಬ್ಬಳ್ಳಿಗೆ ಬಸ್ಸು, ಹುಬ್ಬಳ್ಳಿಯಿಂದ ಮುಂಬಯಿಗೆ ರೈಲು, ಅಲ್ಲಿಂದ ನೈರೋಬಿಗೆ ಸುಮಾರು ಆರು ತಾಸಿನ ವಿಮಾನ. ಜುಲೈ ತಿಂಗಳು. ಆಫ್ರಿಕಾ ಎಂದರೆ ಸುಡುಬಿಸಿಲು ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಹೆದರಿಸಿದ್ದರು. ಇಳಿದು ನೋಡಿದರೆ ಶಾಲು ಹೊದೆಯುವಷ್ಟು ಚಳಿ. ಇಮಿಗ್ರೇಶನ್ ಕೌಂಟರಿನ ಯುವತಿ ನನ್ನ ಮುಖ ನೋಡಿ ಸ್ವಾಹಿಲಿಯಲ್ಲಿ ಏನೋ ಕೇಳಿದಳು. ಭಾರತದ ಪಾಸ್‌ಪೋರ್ಟು ಚಾಚಿದೆ. ಪಾಸ್‌ಪೋರ್ಟನ್ನೂ ನನ್ನನ್ನೂ ಎರಡೆರಡು ಸಲ ನೋಡಿ, ಇಂಗ್ಲಿಷಿನಲ್ಲಿ, “ಆಫ್ರಿಕಾಕ್ಕೆ ಮೊದಲನೇ ಸಲವೇ?” ಎಂದಳು. ಹೌದು ಎಂದೆ.

ನಾನು ಸಿದ್ದಿ. ನಮ್ಮ ಹಿರಿಯರನ್ನು ಆಫ್ರಿಕಾದ ಈ ಬದಿಯ ಕರಾವಳಿಯಿಂದ ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರದ ಕಾಡು ಸೇರಿದರು. ಆ ಹಳಿಯಾಳದ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಗುಲಾಮರು ತಮ್ಮ ಬಾಯಲ್ಲಿ ತಾವೇ ಹೇಳಿಕೊಂಡ ಕಥೆಗಳ ಬಗ್ಗೆ ನೈರೋಬಿಯಲ್ಲಿ ಒಂದು ಸಭೆ ಇತ್ತು. ಅದನ್ನು ನಡೆಸುವ ಸಂಸ್ಥೆಯಲ್ಲಿದ್ದ ಬೆಂಗಳೂರಿನ ಪ್ರಸನ್ನ ಎಂಬವರು, ನಮ್ಮ ಅಜ್ಜಿಯ ಮಾತನ್ನು ಅಲ್ಲಿ ಹೇಳಬೇಕೆಂದು ನನ್ನನ್ನು ಕರೆಸಿದ್ದರು.

ಅಜ್ಜಿ ಸಮುದ್ರವನ್ನೇ ಕಂಡವಳಲ್ಲ. ಆದರೂ ಅವಳು ಹೇಳುತ್ತಿದ್ದುದು “ನನ್ನ ಮಾರಿದ್ರು, ನನ್ನ ಹಡಗದಾಗ ಹಾಕಿದ್ರು” ಎಂದೇ. ಹೇಳುವಾಗ ತನ್ನ ಎಡಭುಜ ಉಜ್ಜಿಕೊಳ್ಳುತ್ತಿದ್ದಳು. ಅಲ್ಲಿ ಗಾಯವಾಗಲಿ ಕಲೆಯಾಗಲಿ ಇರಲಿಲ್ಲ. ಕಾದ ಕಬ್ಬಿಣ ಇಟ್ಟದ್ದು ಅವಳಿಗಿಂತ ಎಷ್ಟೋ ತಲೆಮಾರು ಹಿಂದಿನ ಒಬ್ಬ ಅಜ್ಜಿಗೆ. ಚಿಕ್ಕವಳಿದ್ದಾಗ ನಾನೊಮ್ಮೆ ಆ ಕಥೆಯನ್ನು “ಅವಳು” ಎಂದು ಶುರುಮಾಡಿದ್ದಕ್ಕೆ ಅಜ್ಜಿ ತಡೆದಿದ್ದಳು: “ಅವಳು ಅಂದ್ರ ಅದು ಅವಳ ಜೊತಿನ ಸತ್ತು ಹೋಗ್ತದ. ನಾನು ಅನ್ನು.” ನಮ್ಮ ಮನೆಯಲ್ಲಿ ಅಂದಿನಿಂದ ಇಂದಿನವರೆಗೆ ಅದೇ ರೂಢಿ.

ಉಳಿಯುವ ಏರ್ಪಾಡು ಸೌತ್ ಸಿ ಎಂಬ ಬಡಾವಣೆಯಲ್ಲಿ, ಮೈಸೂರಿನ ಸುಧಾ ಎಂಬವರ ಮನೆಯಲ್ಲಿ. ಅವರ ಯಜಮಾನರು ಔಷಧದ ಕಾರ್ಖಾನೆಯೊಂದರಲ್ಲಿ ಮ್ಯಾನೇಜರು. ವಿಮಾನ ನಿಲ್ದಾಣಕ್ಕೆ ಬರಬೇಕಿದ್ದವರು ಇಂಡಸ್ಟ್ರಿಯಲ್ ಏರಿಯಾದ ಲಾರಿಗಳ ನಡುವೆ ಸಿಕ್ಕಿಬಿದ್ದಿದ್ದರು. ಒಂದೂವರೆ ಸಾವಿರ ಶಿಲ್ಲಿಂಗ್ ಕೊಟ್ಟು ಟ್ಯಾಕ್ಸಿಯಲ್ಲಿ ನಾನೇ ಹೋದೆ. ಬೆಲ್ ಒತ್ತಿದೆ. ಸುಧಾ ಬಾಗಿಲು ಅರ್ಧ ತೆರೆದು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಹಪಾನಾ, ಕೇಶೋ” ಎಂದು ಮುಚ್ಚತೊಡಗಿದರು. ಇವತ್ತು ಬೇಡ, ನಾಳೆ ಎಂದರ್ಥವಂತೆ. ಮನೆಗೆಲಸ ಕೇಳಿಕೊಂಡು ಯಾರೋ ಬರುವವರಿದ್ದರು.

“ನಾನು ಹಳಿಯಾಳದ ಸಾವಿತ್ರಿ ರೀ. ಇವತ್ತ ಬರ್ತೇನಂತ ಹೇಳಿದ್ನೆಲ್ರಿ” ಎಂದೆ.

ಸುಧಾ ಅವರ ಮುಖ ಬಿಳಿಚಿಕೊಂಡಿತು. “ಅಯ್ಯೋ, ಸಾರಿ ಸಾರಿ. ಪ್ರಸನ್ನ ಅವ್ರು ಹಳಿಯಾಳದ ಟೀಚರ್ ಅಂದಿದ್ರು ಅಷ್ಟೇ. ನಿಮ್ಮನ್ನ ನೋಡಿ ಲೋಕಲ್ ಅನ್ಕೊಂಡ್ಬಿಟ್ಟೆ. ಬೇಜಾರ್ ಮಾಡ್ಕೋಬೇಡಿ.”

“ಬ್ಯಾಸರಾ ಆಗೇದ್ರಿ. ಹಸಿವಿನೂ ಆಗೇದ” ಎಂದೆ.

ಬಿಸಿಬೇಳೆಭಾತ್ ಚೆನ್ನಾಗಿತ್ತು. ಸಿಟ್ಟು ಮಾತ್ರ ಅದರ ಜೊತೆ ಇಳಿಯಲಿಲ್ಲ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಆಫ್ರಿಕಾದವಳು ಎನ್ನುತ್ತಾರೆ. ಆಫ್ರಿಕಾಕ್ಕೆ ಬಂದರೆ ಕನ್ನಡದವರೇ ಹೊಸ್ತಿಲ ಹೊರಗೆ ನಿಲ್ಲಿಸುತ್ತಾರೆ. ನಾನು ನಿಜವಾಗಿಯೂ ಆ ಕೆಲಸದಾಕೆಯೇ ಆಗಿದ್ದರೆ? ಅವಳ ಮುಖದ ಮೇಲೂ ಹಾಗೆ ಬಾಗಿಲು ಹಾಕಬಹುದೇ? ಸುಧಾ ಒಳ್ಳೆಯವರು, ಮಲಗುವಾಗ ಎರಡು ಕಂಬಳಿ ತಂದುಕೊಟ್ಟರು. ಒಳ್ಳೆಯವರೇ ಹೀಗೆ ಮಾಡುತ್ತಾರಲ್ಲ ಎಂಬುದೇ ನನ್ನ ತಕರಾರು.

ಮರುದಿನ ಪೇಟೆಗೆ ಒಂದು ಮಟಾಟು, ಪೇಟೆಯಿಂದ ಸಭೆಯಿದ್ದ ಕಸರಾನಿಗೆ ಇನ್ನೊಂದು. ಎದೆ ನಡುಗಿಸುವ ಹಾಡು ಹಾಕಿಕೊಂಡು ಓಡುವ ಈ ಸಣ್ಣ ಬಸ್ಸಿನ ಕಂಡಕ್ಟರು “ಮಾಮಾ, ಮಾಮಾ” ಎಂದು ಕರೆದು ಕಿಟಕಿಯ ಪಕ್ಕದ ಸೀಟು ಕೊಟ್ಟ. ನೂರು ಶಿಲ್ಲಿಂಗಿನ ಆ ದಾರಿಯುದ್ದಕ್ಕೂ ಒಬ್ಬರೂ ನನ್ನ ಕಡೆ ತಿರುಗಿ ನೋಡಲಿಲ್ಲ. ನಮ್ಮ ಕಡೆ ಒಂದು ಮಾತೂ ಕೇಳದೆ ನನ್ನ ಕೂದಲು ಮುಟ್ಟಿ ನೋಡಿದವರಿದ್ದಾರೆ. ಯಾರೂ ನೋಡದ ಸುಖ ಎಂಥದೆಂದು ನನಗೆ ಅಂದು ತಿಳಿಯಿತು.

ಸಭಾಂಗಣದ ಗೋಡೆಯ ಮೇಲೆ ಗುಲಾಮಗಿರಿ ನಿಲ್ಲಿಸಿದರೆಂಬ ದೊರೆಗಳ, ಪಾದ್ರಿಗಳ ಪಟಗಳಿದ್ದವು. ಓಡಿಹೋದವರ ಪಟ ಒಂದೂ ಇರಲಿಲ್ಲ. ಪ್ರಸನ್ನ ಬಾಗಿಲಲ್ಲೇ ಸಿಕ್ಕರು.

“ಮೇಡಂ, ಪ್ರೋಗ್ರಾಂ ಸ್ವಲ್ಪ ಚೇಂಜ್ ಆಗಿದೆ. ಕಮಿಟಿಯವ್ರು ಏನಂತಾರೆ ಅಂದ್ರೆ, ನಿಮ್ಮ ಅಜ್ಜೀನ ಯಾರೂ ಮಾರಿಲ್ವಲ್ಲ, ಸೋ ಇದು ಸ್ವಂತ ಅನುಭವ ಅಲ್ಲ, ಫೋಕ್‌ಲೋರ್. ಊಟ ಆದ್ಮೇಲೆ ನಿಮ್ಮದೊಂದು ಸಿದ್ದಿ ಡ್ಯಾನ್ಸ್ ಇಟ್ಕೊಂಡಿದೀವಿ. ಡ್ರಮ್ ಕೂಡ ತರ್ಸಿದೀವಿ.”

“ನಾನು ಗಣಿತದ ಟೀಚರ್ ರೀ. ನನಗ ಕುಣಿಯಾಕ ಬರಂಗಿಲ್ಲ.”

“ಸಿಂಪಲ್ಲಾಗಿ ಏನಾದ್ರೂ ಮಾಡಿ ಮೇಡಂ. ಜನಕ್ಕೆ ಇಷ್ಟ ಆಗತ್ತೆ.”

ಮೈಯೆಲ್ಲ ಉರಿಯಿತು. ಜಿಲ್ಲಾ ಉತ್ಸವವಿರಲಿ, ಮಂತ್ರಿಯ ಸ್ವಾಗತವಿರಲಿ, ಸಿದ್ದಿಗಳನ್ನು ಕರೆಯುವುದು ಕುಣಿಯುವುದಕ್ಕೆ. ನಮ್ಮ ಡಮಾಮಿ ಡೋಲು ಬಡಿಸಿ, ಚಪ್ಪಾಳೆ ತಟ್ಟಿ, ಲಾರಿ ಹತ್ತಿಸಿ ಕಳಿಸುತ್ತಾರೆ. ಕುಣಿತ ನಮ್ಮದೇ, ಅದರಲ್ಲಿ ನಾಚಿಕೆಯೇನಿಲ್ಲ. ಬಾಯಿ ಇರುವವರನ್ನು ಬರೀ ಕಾಲೆಂದು ತಿಳಿಯುತ್ತಾರಲ್ಲ, ಅದು ನಾಚಿಕೆಗೇಡು. ಬೆಳಗಿನ ಭಾಷಣಕಾರರೊಬ್ಬರು, ಈ ಕಡಲಿನ ಗುಲಾಮರು ತಾವಾಗಿ ಹೇಳಿದ್ದು ತೀರ ಕಡಿಮೆ, ಅವರ ದನಿ ನಮಗೆ ಸಿಗುವುದಿಲ್ಲ ಎಂದು ಬಹಳ ಮರುಗಿದರು. ನಾನು ನಾಲ್ಕನೇ ಸಾಲಿನಲ್ಲೇ ಕುಳಿತಿದ್ದೆ.

ಊಟಕ್ಕೆ ಉಗಾಲಿ, ನಮ್ಮ ಮುದ್ದೆಯಂಥದೇ, ಬಿಳಿ ಗೋವಿನಜೋಳದ್ದು. ಪಕ್ಕದಲ್ಲಿ ಹಲೀಮಾ ಎಂಬ ಆಫ್ರಿಕಾ ಕರಾವಳಿಯ ಮುದುಕಿ ಕುಳಿತಿದ್ದರು. ಅವರನ್ನೂ ಹಾಡಲು ಕರೆಸಿದ್ದರಂತೆ. ಊಟವಾದ ಮೇಲೆ ಸಭೆಯವರು ನನ್ನ ಹೆಸರು ಕೂಗಿದರು. ವೇದಿಕೆಯ ಮೇಲೆ ಡೋಲು ಕಾದಿತ್ತು. ನಾನು ಅದನ್ನು ಬದಿಗಿಟ್ಟು ಮೈಕು ತೆಗೆದುಕೊಂಡೆ. “ಪ್ರಸನ್ನ ಅವರ, ಬರ್ರಿ, ಇಂಗ್ಲಿಷಿನಾಗ ಹೇಳ್ರಿ” ಎಂದು ಕರೆದೆ. ಅಷ್ಟು ಜನರೆದುರು ಅವರು ಬಾರದಿರಲು ಆಗಲಿಲ್ಲ.

“ನನ್ನ ಮಾರಿದ್ರು” ಎಂದೆ.

ಅವಳನ್ನು ಮಾರಿದರು ಎಂದು ಪ್ರಸನ್ನ ಇಂಗ್ಲಿಷಿನಲ್ಲಿ ಹೇಳಿದರು. ನಾನು ತಡೆದೆ. “ಶಿ ಅಲ್ರಿ. ಐ ಅನ್ರಿ.”

“ಮೇಡಂ, ಅದು ಕರೆಕ್ಟ್ ಆಗಲ್ಲ...”

“ನಾನು ಅಂದದ್ದು ನಾನು. ಹಂಗ ಹೇಳ್ರಿ.”

ಅವರು ಐ ಎಂದು ಶುರುಮಾಡಿದರು. ನನ್ನ ಭುಜಕ್ಕೆ ಕಾದ ಕಬ್ಬಿಣ ಇಟ್ಟರು. ನನ್ನ ಮೊಲೆ ಕುಡಿಯುವ ಕೂಸನ್ನು ದಂಡೆಯಲ್ಲೇ ಬಿಡಿಸಿದರು. ದೊಡ್ಡ ಮನೆಯಲ್ಲಿ ನೆಲ ಒರೆಸಿದೆ, ಬೇರೆಯವರ ಕೂಸಿಗೆ ಹಾಲು ಕೊಟ್ಟೆ. ಒಂದೊಂದನ್ನೂ ಪ್ರಸನ್ನ ಐ ಎಂದೇ ಹೇಳಿದರು. “ನನ್ನ ಯಾರೂ ಬಿಡಿಸಲಿಲ್ಲ. ನಾನು ಓಡಿದ್ನಿ” ಎಂದು ನಿಲ್ಲಿಸಿದೆ. ಗೋಡೆಯ ಆ ಪಟಗಳ ಕಡೆ ನೋಡಿಯೇ ಹೇಳಿದೆ.

ಹಲೀಮಾ ಎದ್ದು ನಿಂತು, ಸುತ್ತಲಿನವರಿಗೆ “ನಿಲಿಉಜ್ವಾ” ಎಂದರು. ನನ್ನನ್ನು ಮಾರಿದರು ಎಂದರ್ಥ. ತಮ್ಮ ಅಜ್ಜಿಯೂ ಹಾಗೆಯೇ ಹೇಳುತ್ತಿದ್ದಳು, ಮಕ್ಕಳು ನಗುತ್ತಾರೆಂದು ತಾನು ಹಾಗೆ ಹೇಳುವುದನ್ನು ಬಿಟ್ಟುಬಿಟ್ಟೆ ಎಂದು ಆಮೇಲೆ ನನ್ನ ಕೈ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಹೇಳಿದರು. ಅಸಾಂಟೆ, ಅಂದರೆ ಥ್ಯಾಂಕ್ಸ್, ಎಂದೆ; ನನಗೆ ಬರುತ್ತಿದ್ದ ಸ್ವಾಹಿಲಿ ಅಷ್ಟೇ. ವಂದನಾರ್ಪಣೆಯಲ್ಲಿ ಅಧ್ಯಕ್ಷರು “ಭಾರತದ ಸೊಗಸಾದ ಸಾಂಸ್ಕೃತಿಕ ಕಾರ್ಯಕ್ರಮ”ಕ್ಕೆ ಕೃತಜ್ಞತೆ ಹೇಳಿದರು. ಕುಣಿಯದೆಯೂ ಕುಣಿದವಳಾದೆ.

ಹೊರಡುವ ದಿನ ಸುಧಾ ತಾವೇ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟರು. ಕೌಂಟರಿನಲ್ಲಿ ಈ ಸಲ ಒಬ್ಬ ನಡುವಯಸ್ಸಿನ ಅಧಿಕಾರಿ. ಅವನೂ ಪಾಸ್‌ಪೋರ್ಟು ನೋಡಿ, ನನ್ನನ್ನು ನೋಡಿ, “ಆಫ್ರಿಕಾಕ್ಕೆ ಮೊದಲನೇ ಸಲವೇ?” ಎಂದು ಕೇಳಿದ.

“ಅಲ್ಲ, ಎರಡನೇ ಸಲ” ಎಂದೆ.

ಅವನು ಹಾಳೆ ತಿರುವಿದ. “ಇಲ್ಲಿ ಒಂದೇ ಮುದ್ರೆ ಇದೆಯಲ್ಲ?”

“ಹೋದ ಸಲದ್ದನ್ನು ಎಡಭುಜದ ಮೇಲೆ ಒತ್ತಿದ್ದರು” ಎಂದೆ.