ಅಂಚಿನಲ್ಲಿ ಒಂದು ಬಿಳಿ ಎಳೆ

ರಗ್ ಅಂಗಡಿ ಅಂಕಲ್ ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಯಾವ ಬಟ್ಟೆ ಸಿಕ್ಕರೂ ಮಗುಚಿ ಹಾಕಿ, ಹಿಂಬದಿಯ ಎಳೆಗಳನ್ನು ಆ ಉಗುರಿನಿಂದ ಒಂದೊಂದಾಗಿ ಎಣಿಸುತ್ತಿದ್ದರು. ಟೆಕ್ಸಸ್ಸಿನ ಜಾರ್ಜ್‌ಟೌನಿನಲ್ಲಿ ನಮ್ಮ ಗೃಹಪ್ರವೇಶಕ್ಕೆ ಬಂದವರು ಊಟಕ್ಕೆ ಕೂರುವ ಮೊದಲು ನಮ್ಮ ಜಮಖಾನೆಯನ್ನೇ ಮಗುಚಿ ನೋಡಿದ್ದರು. ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ.

ಅಂಕಲ್ ಧಾರವಾಡದ ಬಟ್ಟೆ ವ್ಯಾಪಾರಸ್ಥರ ಮನೆಯವರು. ಪಕ್ಕದ ಆಸ್ಟಿನ್ನಿನಲ್ಲಿ ಅವರದೊಂದು ಪುಟ್ಟ ಅಂಗಡಿ. ವರ್ಷಕ್ಕೆರಡು ಸಲ ನ್ಯೂ ಮೆಕ್ಸಿಕೊವರೆಗೆ ತಾವೇ ಡ್ರೈವ್ ಮಾಡಿಕೊಂಡು ಹೋಗಿ, ಅಲ್ಲಿನ ಮೂಲನಿವಾಸಿಗಳಾದ ನವಾಹೊ ಹೆಂಗಸರು ಕೈಮಗ್ಗದಲ್ಲಿ ನೇಯ್ದ ಉಣ್ಣೆಯ ರಗ್ಗುಗಳನ್ನು ತರುತ್ತಿದ್ದರು. ಗಿರಾಕಿಯ ಜೊತೆ ವಾದ ಮಾಡಬಾರದು ಎಂಬುದು ಅವರಪ್ಪ ಕಲಿಸಿದ ಪಾಠವಂತೆ. ಆ ಪಾಠದಿಂದಲೇ ಎಲ್ಲ ಕೆಟ್ಟಿತು. ಅಥವಾ ನನ್ನಿಂದ.

ನಾನು ಸಾಫ್ಟ್‌ವೇರ್ ಟೆಸ್ಟರ್. ತಪ್ಪು ಹುಡುಕುವುದಕ್ಕೇ ಸಂಬಳ. ಅವರಿಂದ ಕೊಂಡ ಕೆಂಪು ರಗ್ಗನ್ನು ನಡುಮನೆಯಲ್ಲಿ ಹಾಸಿದ ದಿನವೇ ಮೂಲೆಯಲ್ಲೊಂದು ತಪ್ಪು ಕಂಡೆ. ಕಪ್ಪು ಅಂಚನ್ನು ಸೀಳಿಕೊಂಡು ಒಂದು ಬಿಳಿ ಎಳೆ ಹೊರತುದಿಯವರೆಗೆ ಹೋಗಿತ್ತು. ಫೋಟೊ ತೆಗೆದು, ಅದರ ಸುತ್ತ ಗುರುತು ಹಾಕಿ, ಡಿಫೆಕ್ಟ್ ಪೀಸ್ ಎಂದು ಕಳಿಸಿದೆ. ಅಂಕಲ್ ಪೂರ್ತಿ ದುಡ್ಡು ಕೊಟ್ಟು ವಾಪಸ್ ತೆಗೆದುಕೊಂಡರು. ಅದೇ ಕಾರಣಕ್ಕೆ ವಾಪಸ್ ಬಂದದ್ದು ಅದು ಮೂರನೆಯದೆಂದು ಆಮೇಲೆ ಗೊತ್ತಾಯಿತು.

ಎರಡು ವರ್ಷದ ಮೇಲೆ ಅಂಗಡಿಗೆ ಹೋದಾಗ ಅವರು ತೀರಾ ಇಳಿದುಹೋಗಿದ್ದರು. ಒಳಗಿನಿಂದ ಅಂಥದೇ ಒಂದು ರಗ್ ತಂದು ಬಿಡಿಸಿದರು. ಅಂಚು ನಾಲ್ಕೂ ಕಡೆ ಕಪ್ಪಗೆ ಮುಚ್ಚಿಕೊಂಡಿತ್ತು. ಇದು ಚೆನ್ನಾಗಿದೆ ಎಂದೆ.

ಆಗ ಹೇಳಿದರು. ಇವು ಮೊದಲು ಹೆಗಲಿಗೆ ಹೊದೆಯುವ ಕಂಬಳಿಗಳಂತೆ, ಬರೀ ಪಟ್ಟೆ, ಸುತ್ತ ಅಂಚೇ ಇಲ್ಲ. ರೈಲು ಬಂದ ಕಾಲದಲ್ಲಿ ವ್ಯಾಪಾರಸ್ಥರು, ನೆಲಕ್ಕೆ ಹಾಸುವಂತೆ ದಪ್ಪಗೆ ನೇಯಿರಿ, ಪರ್ಷಿಯಾದ ಕಾರ್ಪೆಟ್ಟಿನ ಹಾಗೆ ಅಂಚು ಹಾಕಿ ಎಂದರು. ನೇಯುವವರು ಹಾಕಿದರು. ಆದರೆ ತಮ್ಮ ಮನಸ್ಸು ಆ ಚೌಕದೊಳಗೇ ಸಿಕ್ಕಿಕೊಳ್ಳಬಾರದೆಂದು ಕೆಲವರು ಒಂದು ಎಳೆಯಷ್ಟು ದಾರಿ ಬಿಟ್ಟುಕೊಂಡರು. ನನ್ನ ರಗ್ ನೇಯ್ದ ಅಜ್ಜಿಯೂ ಅಂಥವರೇ.

"ಅಂಚು ಹಾಕ್ಸಿದವರೂ ನಮ್ಮಂಥಾ ವ್ಯಾಪಾರಸ್ಥರ ರೀ. ಆಕಿಗೆ ತನ್ನದಂತ ಉಳದಿದ್ದು ಅದೊಂದ ಎಳಿ. ಅದನ್ನೂ ಬ್ಯಾಡ ಅಂದೆ ನಾನು."

ಮೂರು ರಗ್ಗು ವಾಪಸ್ ಬಂದವೆಂದು ಅಂಕಲ್ ಹೇಳಿದ್ದಕ್ಕೆ ಅಜ್ಜಿ ಚಳಿಗಾಲವಿಡೀ ಕೂತು, ಅಂಚು ಮುಚ್ಚಿ ಈ ರಗ್ಗನ್ನು ನೇಯ್ದುಕೊಟ್ಟರು. ಆಮೇಲೆ ಮಗ್ಗದ ಮುಂದೆ ಕೂತರೆ ಕೈ ಓಡಲಿಲ್ಲವಂತೆ, ಏನೂ ಹೊಳೆಯಲಿಲ್ಲವಂತೆ. ಸುದ್ದಿ ತಿಳಿದು ಅಂಕಲ್ ಸೂಜಿ, ಬಿಳಿ ಉಣ್ಣೆ, ಆ ರಗ್ ಎಲ್ಲ ಹಿಡಿದು ಅಲ್ಲಿಗೇ ಹೋಗಿ, ಈಗಲಾದರೂ ಒಂದು ಎಳೆ ಸೇರಿಸಿ ಎಂದು ಬೇಡಿಕೊಂಡರು. ರಗ್ಗು ಮಗ್ಗದಿಂದ ಇಳಿದ ಮೇಲೆ ಆಗುವುದಿಲ್ಲ ಎಂದು ಅಜ್ಜಿ ಸೂಜಿಯನ್ನು ಅವರ ಕೈಗೇ ವಾಪಸ್ ಇಟ್ಟರು.

"ಬೈದಿದ್ರ ಚಲೋ ಇತ್ತರಿ. ಕಾಫಿ ಮಾಡಿ ಕೊಟ್ಲು."

ಫೋಟೊ ಕಳಿಸಿದವನು ನಾನೆಂಬ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ. ನಾನು ಗಿರಾಕಿಯಲ್ಲವೇ? ನಾನೂ ನಾಚಿಕೆಯಿಂದ ಕ್ಷಮೆ ಕೇಳಲಿಲ್ಲ.

ಅಜ್ಜಿ ತೀರಿಕೊಂಡ ಸುದ್ದಿ ಬಂದ ಮೇಲೆ ಅಂಕಲ್ ಅಂಗಡಿ ಮುಚ್ಚಿದರು. ಕಳೆದ ಮಾರ್ಚಿನಲ್ಲಿ ಅವರೂ ಹೋದರು. ಅವರ ಮಗಳು ಆ ಅಂಚು ಮುಚ್ಚಿದ ರಗ್ಗನ್ನು ನಮ್ಮ ಮನೆಗೆ ತಂದುಕೊಟ್ಟಳು. ಸುತ್ತಿದ ಕಾಗದದ ಮೇಲೆ ಅಂಕಲ್ ಅಕ್ಷರದಲ್ಲಿ ನನ್ನ ಹೆಸರಿತ್ತು. ಏಕೆ ಎಂದು ಕೇಳಲು ಈಗ ಯಾರೂ ಇಲ್ಲ. ಅದನ್ನು ತುಳಿಯಲು ಮನಸ್ಸಿಲ್ಲ, ಇನ್ನೊಬ್ಬರಿಗೆ ಕೊಡಲು ಧೈರ್ಯವಿಲ್ಲ. ಆಗಾಗ ಬಿಡಿಸಿ, ಮಗುಚಿ ಹಾಕಿ, ಅಂಚಿನುದ್ದಕ್ಕೂ ಉಗುರು ಎಳೆಯುತ್ತಾ ಹೋಗುತ್ತೇನೆ. ಎಲ್ಲಿಯೂ ಒಂದು ತಪ್ಪು ಸಿಗುವುದಿಲ್ಲ.